ಹಿಂದಿನ ಮೇಜಿನ ಹೆಡ್‌ಫೋನು

ಪ್ರಭಾವತಿ ಉಡುಪಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ದೂರದ ಊರುಗಳಿಗೆ ಕಾಲ್ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಹತ್ತು ವರ್ಷ ಕುಳಿತವಳು. ೧೯೭೭ರ ಮಳೆಗಾಲ ಕಳೆದ ಮೇಲೆ ಒಂದು ಸೋಮವಾರ ಅವಳಿಗೆ ಅದೇ ಕೋಣೆಯಲ್ಲಿ ಹಿಂದಿನ ಮೇಜು ಸಿಕ್ಕಿತು. ಸೂಪರ್‌ವೈಸರ್ ಆಗಿದ್ದಳು. ಫ್ಯಾನು ಅದೇ, ಕಿಟಕಿ ಅದೇ, ಜನರೂ ಅವರೇ. ಆದರೆ ನಿನ್ನೆಯವರೆಗೆ ಪಕ್ಕದಲ್ಲಿ ಕಾಣುತ್ತಿದ್ದ ಮುಖಗಳು ಮಾಯವಾಗಿ, ಕಣ್ಣೆದುರಿಗೆ ಬರೇ ಬೆನ್ನುಗಳು, ಜಡೆಗಳು, ತಲೆಯ ಮೇಲೆ ಹೆಡ್‌ಫೋನಿನ ಕಪ್ಪು ಪಟ್ಟಿಗಳು.

"ಇನ್ನು ನಿನ್ನನ್ನು ಎಂತ ಕರೆಯುವುದು ಮಾರಾಯ್ತಿ? ಹೆಸರು ಹಿಡಿದು ಕರೆದರೆ ರಿಪೋರ್ಟು ಬರೆಯುತ್ತೀಯಾ?" ಎಂದು ವಸಂತಿ ಕೇಳಿದಳು. ಅವಳು ಪ್ರಭಾವತಿಯ ಜೊತೆಗೇ ಕೆಲಸಕ್ಕೆ ಸೇರಿದವಳು. ಎಲ್ಲರೂ ನಕ್ಕರು. ಪ್ರಭಾವತಿಯೂ ನಕ್ಕಳು. ಆದರೆ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹುಡುಗಿಯರ ಮಾತು ತಾನು ಹತ್ತಿರ ಬಂದೊಡನೆ ಸಣ್ಣದಾದದ್ದು ಅವಳಿಗೆ ಗೊತ್ತಾಗದೆ ಹೋಗಲಿಲ್ಲ.

ಜನರ ಬಗ್ಗೆ ತಿಳಿದುಕೊಳ್ಳುವ ಆಸೆ ಪ್ರಭಾವತಿಗೆ ಹುಟ್ಟಿನಿಂದಲೇ ಇತ್ತು. ಅಲೆವೂರಿನಿಂದ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನವರು ಯಾರು, ಚೀಲದಲ್ಲಿ ಎಂತ ಉಂಟು, ಯಾರ ಮನೆಗೆ ಹೊರಟಿದ್ದಾರೆ ಎಂಬುದು ಉಡುಪಿ ಬರುವ ಮೊದಲೇ ಅವಳಿಗೆ ತಿಳಿದಿರುತ್ತಿತ್ತು. ಹಾಗೆಂದು ಚಾಡಿ ಹೇಳುವವಳಲ್ಲ. ಕೇಳಿದ್ದಕ್ಕೆ ಮರುಗುವವಳು, ಕೈಲಾದರೆ ಸಹಾಯ ಮಾಡುವವಳು. ಅದಕ್ಕೇ ಹೊಸದಾಗಿ ಸೇರಿದ ಹುಡುಗಿಯರನ್ನು ತಯಾರು ಮಾಡುವ ಕೆಲಸ ಬಂದಾಗ ಅವಳಿಗೆ ಖುಷಿಯಾಗಿತ್ತು.

ಆ ಹುಡುಗಿಯರಲ್ಲಿ ಸೆಲೀನ್ ಎಲ್ಲರಿಗಿಂತ ಮುಂದೆ. ಕಾಪುವಿನವಳು, ಇಪ್ಪತ್ತೊಂದರ ಪ್ರಾಯ. ಕಾಲ್ ಬಂದು ಬೋರ್ಡಿನಲ್ಲಿ ದೀಪ ಮಿನುಗುವಷ್ಟರಲ್ಲಿ ಪ್ಲಗ್ಗು ಸರಿಯಾದ ತೂತಿಗೆ ಬಿದ್ದಿರುತ್ತಿತ್ತು. ದನಿ ಹೇಗಿತ್ತೆಂದರೆ, ಬೊಂಬಾಯಿಯ ಲೈನು ಸಿಗದೆ ರೇಗಿದ ಹೋಟೆಲು ಧಣಿಗಳೂ ಅವಳು ಎರಡು ಮಾತು ಆಡಿದ ಮೇಲೆ "ಆಯಿತು ಬಾಯಿ, ಕಾಯುತ್ತೇನೆ" ಎಂದು ಫೋನು ಕೆಳಗಿಡುತ್ತಿದ್ದರು. ಪ್ರಭಾವತಿ ಮನಸ್ಸಿನಲ್ಲೇ ಅವಳನ್ನು ತನ್ನ ಹುಡುಗಿ ಎಂದುಕೊಂಡಿದ್ದಳು.

ಡಿಸೆಂಬರ್ ಹೊತ್ತಿಗೆ ಆ ಕೈ ನಿಧಾನವಾಯಿತು. ಇಡೀ ದಿನವಲ್ಲ, ಬೆಳಗ್ಗೆ ಹನ್ನೊಂದರ ಆಸುಪಾಸಿನಲ್ಲಿ ಮಾತ್ರ. ಆಗ ಸೆಲೀನಳ ಬೆನ್ನು ಸ್ವಲ್ಪ ಮುಂದಕ್ಕೆ ಬಾಗುತ್ತಿತ್ತು. ಬೋರ್ಡಿನಲ್ಲಿ ಎರಡು ಮೂರು ದೀಪಗಳು ಕಾಯುತ್ತಾ ಉರಿಯುತ್ತಿದ್ದರೂ ಅವಳ ಕೈ ಮೇಲೇಳುತ್ತಿರಲಿಲ್ಲ. ಒಂದು ದಿನ ಹೋಟೆಲಿನವರೊಬ್ಬರು ಎಕ್ಸ್‌ಚೇಂಜಿನ ಇಂಜಿನಿಯರಿಗೇ ದೂರು ಕೊಟ್ಟರು. ಇಂಜಿನಿಯರ್ ಪ್ರಭಾವತಿಯನ್ನು ಕರೆದು, "ಎಂತ ಇದು? ನೋಡಿ ಒಂದು ರಿಪೋರ್ಟು ಕೊಡಿ" ಎಂದರು.

ಪ್ರಭಾವತಿ ಸೆಲೀನಳನ್ನು ಚಹಾದ ಮೂಲೆಗೆ ಕರೆದಳು.

"ಮನೆಯಲ್ಲಿ ಎಂತಾದರೂ ತೊಂದರೆ ಉಂಟಾ?"

"ಇಲ್ಲ ಮೇಡಂ."

"ಆರೋಗ್ಯ?"

"ಸರಿ ಉಂಟು."

"ನನ್ನ ಹತ್ತಿರ ಹೇಳಬಹುದು ಸೆಲೀನ್. ನಾನು ಹೊರಗಿನವಳಲ್ಲ."

"ಎಂತದೂ ಇಲ್ಲ ಮೇಡಂ. ಇನ್ನು ಜಾಗ್ರತೆ ಮಾಡುತ್ತೇನೆ."

ಅಲ್ಲಿಗೆ ಬಿಡಬಹುದಿತ್ತು. ಆದರೆ ಪ್ರಭಾವತಿಗೆ ಸಮಾಧಾನವಾಗಲಿಲ್ಲ. ಪ್ರೇಮದ ಸುದ್ದಿಯೇ? ಮದುವೆಗೆ ಒತ್ತಾಯವೇ? ಕುಡಿಯುವ ಅಪ್ಪನೇ? ಭಾನುವಾರ ಅಕ್ಕನ ಮನೆಗೆಂದು ಹೊರಟವಳು ಕಾಪುವಿನಲ್ಲಿಯೇ ಇಳಿದು, ಕೇಳಿ ಕೇಳಿ ಸೆಲೀನಳ ಮನೆ ಹುಡುಕಿದಳು. ಅಪ್ಪ ಅಂಗಳದಲ್ಲಿ ಬಲೆ ಹರಡಿಕೊಂಡು ಹಾಡು ಗುನುಗುತ್ತಿದ್ದ. ತಾಯಿ ಬರ್ತಾ ಬಾಯಿ ಗಾಬರಿಯಿಂದ ಎದ್ದು ಬಂದು, ಕುರ್ಚಿ ಒರೆಸಿ ಕೂರಿಸಿ, ಕಪಾಟಿನ ಒಳ್ಳೆಯ ಕಪ್ಪುಗಳನ್ನು ತೆಗೆದಳು. ಚಹಾ ಕೊಡುವಾಗಲೇ ಕೇಳಿಬಿಟ್ಟಳು.

"ಅವಳ ಕೆಲಸಕ್ಕೆ ಎಂತದೂ ತೊಂದರೆ ಇಲ್ಲವಲ್ಲ ಮೇಡಂ?"

"ಅಯ್ಯೋ, ಇಲ್ಲ. ಈ ಕಡೆ ಬಂದಿದ್ದೆ, ಹಾಗೇ ನೋಡಿಕೊಂಡು ಹೋಗುವ ಅಂತ."

ಆ ಮಾತನ್ನು ಬರ್ತಾ ಬಾಯಿ ನಂಬಲಿಲ್ಲ. ಅಷ್ಟರಲ್ಲಿ ಇಗರ್ಜಿಯಲ್ಲಿ ಭಾನುವಾರದ ಪ್ರಾರ್ಥನೆ ಮುಗಿಸಿ ಬಂದ ಸೆಲೀನ್, ಮನೆಯ ನಡುವೆ ಸೂಪರ್‌ವೈಸರ್ ಕುಳಿತು ಬಿಸ್ಕಿಟು ತಿನ್ನುತ್ತಿರುವುದನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು. ಪ್ರಭಾವತಿ ಬೇಗ ಚಹಾ ಮುಗಿಸಿ ಎದ್ದಳು. ಬಸ್ಸಿನಲ್ಲಿ ಅವಳಿಗೆ ಒಂದೇ ಯೋಚನೆ. ಹಿಂದೆ ಪಕ್ಕದ ಕುರ್ಚಿಯವಳಾಗಿ ಹೋಗಿದ್ದರೆ ಅದು ಬರೇ ಭೇಟಿಯಾಗುತ್ತಿತ್ತು. ಈಗ ತನ್ನ ಜೊತೆ ಕಚೇರಿಯೂ ಹೊಸ್ತಿಲು ದಾಟುತ್ತದೆಂದು ಇವತ್ತಿನವರೆಗೆ ಹೊಳೆದಿರಲಿಲ್ಲ.

ಹೊಳೆದರೂ ಕುತೂಹಲ ತಣಿಯಲಿಲ್ಲ. ಮನೆ ಸರಿಯಾಗಿದ್ದರೆ ಹನ್ನೊಂದು ಗಂಟೆಗೆ ಆಗುವುದಾದರೂ ಎಂತ?

ಹಿಂದಿನ ಮೇಜಿನ ಮೇಲೆ ಒಂದು ಹೆಡ್‌ಫೋನು ಇತ್ತು. ಯಾವ ಆಪರೇಟರ್ ಗ್ರಾಹಕರ ಹತ್ತಿರ ಹೇಗೆ ಮಾತಾಡುತ್ತಾಳೆಂದು ಸೂಪರ್‌ವೈಸರ್ ಆಗಾಗ ಕೇಳಿ ತಿದ್ದುವುದಕ್ಕೆ ಇಟ್ಟದ್ದು. ಆಪರೇಟರಿನ ಮಾತು ಕೇಳಬೇಕು, ಗ್ರಾಹಕರ ಮಾತು ಶುರುವಾದೊಡನೆ ಲೈನಿನಿಂದ ಹೊರಗೆ ಬರಬೇಕು, ಅದು ನಿಯಮ. ಮಂಗಳವಾರ ಹನ್ನೊಂದಕ್ಕೆ ಪ್ರಭಾವತಿ ಹೆಡ್‌ಫೋನು ಕಿವಿಗಿಟ್ಟು ಸೆಲೀನಳ ಬೋರ್ಡಿಗೆ ಪ್ಲಗ್ಗು ಹಾಕಿದಳು.

ಪ್ರೇಮವೂ ಇಲ್ಲ, ಮಣ್ಣೂ ಇಲ್ಲ. ಕಾರ್ಕಳದ ಒಂದು ದಿನಸಿ ಅಂಗಡಿಯಿಂದ ಬೊಂಬಾಯಿಗೆ ಕಾಲ್. ಮಾತಾಡುವವಳು ತೆರೆಸಾ ಬಾಯಿ ಎಂಬ ಪ್ರಾಯದ ಹೆಂಗಸು. ಆ ಕಡೆ ಅವಳ ಅಳಿಯ ಜೋಕಿಮ್. ಮಾತು ಕೊಂಕಣಿಯಲ್ಲಿ. ಇಷ್ಟು ವರ್ಷ ಲೈನಿನ ಮೇಲೆ ಇದ್ದ ಪ್ರಭಾವತಿಗೆ ಕೊಂಕಣಿ ಅರ್ಥವಾಗುತ್ತಿತ್ತು. ತೆರೆಸಾ ಬಾಯಿಯ ಮಗ ಜಾರ್ಜ್ ಬೊಂಬಾಯಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ಯಂತ್ರಕ್ಕೆ ಕೈ ಸಿಕ್ಕಿಕೊಂಡು ಆಸ್ಪತ್ರೆಯಲ್ಲಿದ್ದಾನೆ.

"ಹುಷಾರಾಗುತ್ತಿದ್ದಾನೆ ಮಾಯಿ, ಗಾಯ ಒಣಗುತ್ತಾ ಉಂಟು," ಎಂದು ಜೋಕಿಮ್ ಅತ್ತೆಗೆ ಹೇಳಿದ.

"ಊಟ ಮಾಡುತ್ತಾನಾ?"

"ಮಾಡುತ್ತಾನೆ."

"ಯಾವ ಕೈಯಿಂದ?"

ಆ ಕಡೆ ಸ್ವಲ್ಪ ಹೊತ್ತು ಗರಗರ ಸದ್ದು ಮಾತ್ರ. ಆಮೇಲೆ, "ಎಡಗೈಯಿಂದ. ಬಲಗೈಗೆ ಬ್ಯಾಂಡೇಜು ಉಂಟಲ್ಲ," ಎಂದ.

ಪ್ರಭಾವತಿ ಹೊರಗೆ ಬರಬೇಕಿತ್ತು. ಬರಲಿಲ್ಲ. ಸೆಲೀನ್ ಕೂಡ ಒಳಗೇ ಇದ್ದಾಳೆಂದು ಲೈನಿನಲ್ಲಿ ಕೇಳುತ್ತಿದ್ದ ಅವಳ ಉಸಿರೇ ಹೇಳುತ್ತಿತ್ತು.

ಅದೇ ಮಧ್ಯಾಹ್ನ ಜೋಕಿಮ್‌ನಿಂದ ಆ ಅಂಗಡಿಯವನಿಗೆ ಬೇರೊಂದು ಕಾಲ್ ಬಂತು. ಸೆಲೀನ್ ಜೋಡಿಸಿದಳು. ಪ್ರಭಾವತಿಯ ಕೈ ತಾನಾಗಿ ಹೆಡ್‌ಫೋನಿಗೆ ಹೋಯಿತು. "ಮೊಣಕೈಯವರೆಗೆ ತೆಗೆದಿದ್ದಾರೆ," ಎನ್ನುತ್ತಿದ್ದ ಜೋಕಿಮ್. "ಮಾಯಿಗೆ ಈಗ ಹೇಳುವುದು ಬೇಡ. ಎದೆ ನೋವಿನ ಹೆಂಗಸು. ಕ್ರಿಸ್ಮಸ್ ಕಳೆಯಲಿ."

ಆ ದಿನದಿಂದ ಹನ್ನೊಂದು ಗಂಟೆಗೆ ಇಬ್ಬರು ಕಾಯತೊಡಗಿದರು. ಒಬ್ಬಳು ಮುಂದೆ, ಒಬ್ಬಳು ಹಿಂದೆ. ಪ್ರಭಾವತಿ ಮನೆಯಲ್ಲಿ ಅನ್ನ ಬಸಿಯುವಾಗಲೂ ಜಾರ್ಜ್‌ನ ಬಗ್ಗೆ ಯೋಚಿಸಿದಳು. ಅವನಿಗೆ ಮದುವೆಯಾಗಿದೆಯೋ? ಅವನೇ ಅಮ್ಮನಿಗೆ ಹೇಳಬೇಡ ಎಂದನೋ? ತಾಯಿಗೆ ಅನುಮಾನ ಬಂದಿದೆಯೋ? ಯಾವ ಕೈಯಿಂದ ಎಂದು ಕೇಳಿದವಳು ಸುಮ್ಮನೆ ಕೇಳಿರಲಿಕ್ಕಿಲ್ಲ. ಸೆಲೀನಳನ್ನು ತಿದ್ದುವುದಕ್ಕೆ ಹೆಡ್‌ಫೋನು ಹಾಕಿಕೊಂಡದ್ದು ಅವಳಿಗೆ ಮರೆತೇ ಹೋಗಿತ್ತು. ಇಂಜಿನಿಯರ್ ಒಮ್ಮೆ ರಿಪೋರ್ಟು ಕೇಳಿದಾಗ, "ಇನ್ನೂ ನೋಡುತ್ತಿದ್ದೇನೆ ಸರ್" ಎಂದಳು.

ಆ ವಾರದ ಕೊನೆಯಲ್ಲಿ ಬೊಂಬಾಯಿಯ ಲೈನು ಕೆಟ್ಟಿತು. ತೆರೆಸಾ ಬಾಯಿಯ ಕಾಲ್ ಬಂತು. "ಬೊಂಬಾಯಿ ಸಿಗುವುದಿಲ್ಲ ಬಾಯಿ, ಮಧ್ಯಾಹ್ನದ ಮೇಲೆ ನೋಡುವ," ಎಂದಳು ಸೆಲೀನ್, ಕೊಂಕಣಿಯಲ್ಲಿ.

ತೆರೆಸಾ ಬಾಯಿ ಫೋನು ಇಡಲಿಲ್ಲ. "ಮಗಾ," ಎಂದಳು, "ದಿನಾಲೂ ನೀನೇ ಅಲ್ವಾ ಲೈನು ಕೊಡುವುದು? ನಿನ್ನ ದನಿ ನನಗೆ ಗುರ್ತ ಉಂಟು."

"ಹೌದು ಬಾಯಿ."

"ನಾವು ಮಾತಾಡುವುದು ನಿನಗೆ ಕೇಳುತ್ತದೆ ಅಲ್ವಾ?"

ಸೆಲೀನ್ ವಯರನ್ನು ಬೆರಳಿಗೆ ಸುತ್ತಿಕೊಂಡಳು.

"ಕೇಳಿದರೆ ಕೇಳಲಿ, ನನಗೆ ಬೇಸರ ಇಲ್ಲ. ಜೋಕಿಮ್ ಒಳ್ಳೆಯವನು, ಆದರೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ ಅವನಿಗೆ. ಅಂಗಡಿಯವ ನನ್ನ ಮುಖ ನೋಡುವುದಿಲ್ಲ. ನೀನು ಹೊರಗಿನವಳು. ನೀನು ಹೇಳು ಮಗಾ. ನನ್ನ ಜಾರ್ಜ್‌ನಿಗೆ ಎಂತ ಆಗಿದೆ?"

ಹಿಂದಿನ ಮೇಜಿನಲ್ಲಿ ಪ್ರಭಾವತಿ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಸೆಲೀನ್ ಎಂತ ಹೇಳುತ್ತಾಳೆ? ಒಂದು ಗಳಿಗೆ ಅವಳಿಗೆ ಅದನ್ನು ಕೇಳಬೇಕೆಂಬ ಆಸೆ ಬಿಟ್ಟು ಬೇರೇನೂ ಇರಲಿಲ್ಲ. ಮುಂದೆ ಸೆಲೀನಳ ಬೋರ್ಡಿನಲ್ಲಿ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ವಸಂತಿ ತನ್ನ ಕುರ್ಚಿಯಿಂದಲೇ ಕೈ ಚಾಚಿ ಒಂದೆರಡನ್ನು ತೆಗೆದುಕೊಂಡಳು.

"ಬಾಯಿ," ಎಂದಳು ಸೆಲೀನ್. "ನಿಮ್ಮ ಮಗನ..."

ಪ್ರಭಾವತಿ ತನ್ನ ಮೇಜಿನ ಮೇಲಿದ್ದ, ಲೈನಿನೊಳಗೆ ಮಾತಾಡುವ ಕೀ ಒತ್ತಿದಳು. "ತೆರೆಸಾ ಬಾಯಿ, ನಾನು ಇಲ್ಲಿಯ ಸೂಪರ್‌ವೈಸರ್ ಮಾತಾಡುವುದು," ಎಂದಳು, ತನಗೆ ಬರುವ ಹರುಕು ಕೊಂಕಣಿಯಲ್ಲಿ. "ಈ ಹುಡುಗಿ ಲೈನು ಜೋಡಿಸುವವಳು. ಆ ಪ್ರಶ್ನೆಗೆ ಅವಳು ಉತ್ತರ ಕೊಡಲಿಕ್ಕೆ ಆಗುವುದಿಲ್ಲ. ಆದರೆ ನೀವು ಅಳಿಯನ ನಂಬರಿಗೇ ಯಾಕೆ ಮಾಡುವುದು? ಆಸ್ಪತ್ರೆಗೇ ಮಾಡಿ. ಜಾರ್ಜ್‌ನ ಹೆಸರಿಗೆ ಪಿ.ಪಿ. ಕಾಲ್ ಹಾಕಿ."

"ಅದೆಂತ ಬಾಯಿ?"

"ಅವನೇ ಫೋನಿಗೆ ಬಂದರೆ ಮಾತ್ರ ಮಾತು ಶುರು. ಬೇರೆ ಯಾರು ಎತ್ತಿದರೂ ನಾವು ಲೈನು ಕೊಡುವುದಿಲ್ಲ."

ತೆರೆಸಾ ಬಾಯಿ ಕೇಳಿದಳು, "ಆಸ್ಪತ್ರೆಯಲ್ಲಿ ಮಲಗಿದವನನ್ನು ಕರೆಸಲಿಕ್ಕೆ ಆಗುತ್ತದಾ?"

"ನಡೆಯಲಿಕ್ಕೆ ಆದರೆ ಬರುತ್ತಾನೆ. ಕಾಲ್ ಹಾಕುವ. ಹೊತ್ತು ಹಿಡಿದರೂ ನಾವು ಬಿಡುವುದಿಲ್ಲ."

"ಹಾಕು," ಎಂದಳು ತೆರೆಸಾ ಬಾಯಿ. "ನಾಳೆಗೆ ಹಾಕು."

ಲೈನು ಮುಗಿದ ಮೇಲೆ ಸೆಲೀನ್ ಹೆಡ್‌ಫೋನು ತೆಗೆದು ಪೂರ್ತಿ ಹಿಂದಕ್ಕೆ ತಿರುಗಿ ನೋಡಿದಳು. ಪ್ರಭಾವತಿಯ ಹೆಡ್‌ಫೋನು ಇನ್ನೂ ಅವಳ ತಲೆಯ ಮೇಲೇ ಇತ್ತು.

ಡ್ಯೂಟಿ ಮುಗಿದ ಮೇಲೆ ಸೆಲೀನ್ ತಾನಾಗಿಯೇ ಚಹಾದ ಮೂಲೆಗೆ ಬಂದಳು. ಕುಳಿತುಕೊಳ್ಳಲಿಲ್ಲ.

"ಯಾವಾಗಿನಿಂದ ಕೇಳುತ್ತಿದ್ದೀರಿ ಮೇಡಂ?"

"ಮಂಗಳವಾರದಿಂದ."

"ಹಾಗಾದರೆ ಕೈಯ ವಿಷಯ ನಿಮಗೂ ಗೊತ್ತಿತ್ತು."

"ಗೊತ್ತಿತ್ತು."

"ಮೊದಲ ದಿನವೇ ಕರೆದು ಬೈಯಬಹುದಿತ್ತಲ್ಲ. ಬೈದಿದ್ದರೆ ನಾನು ಬಿಡುತ್ತಿದ್ದೆ." ಸೆಲೀನಳ ದನಿಯಲ್ಲಿ ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚಿತ್ತು. "ಮನೆಗೆ ಬಂದಿರಿ. ನೀವು ಹೋದ ಮೇಲೆ ಅಮ್ಮ ಊಟ ಮಾಡಲಿಲ್ಲ. ನನ್ನ ಕೆಲಸ ಹೋಯಿತು ಅಂತ ಎಣಿಸಿದ್ದರು."

ಪ್ರಭಾವತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಒಳ್ಳೆಯ ಮನಸ್ಸಿನಿಂದ ಬಂದೆ ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಆ ಒಳ್ಳೆಯ ಮನಸ್ಸಿನ ಜೊತೆ ಬೇರೆ ಏನೋ ಸೇರಿಕೊಂಡಿತ್ತು ಎಂಬುದು ಅವಳಿಗೆ ಈಗ ಚೆನ್ನಾಗಿ ಕಾಣುತ್ತಿತ್ತು. ಜಾರ್ಜ್‌ನ ಕೈಯ ಬಗ್ಗೆ ಕೇಳಿದಾಗ ಮರುಗಿದ್ದು ನಿಜ. ಮುಂದೆ ಎಂತ ಆಗುತ್ತದೆಂದು ಕಾದದ್ದೂ ನಿಜ.

"ಮನೆಗೆ ಬಂದದ್ದು ನನ್ನ ತಪ್ಪು," ಎಂದಳು. "ಅಮ್ಮನಿಗೆ ನಾನು ಹಾಗೆ ಹೇಳಿದೆ ಅಂತ ಹೇಳು. ಇನ್ನು ನಿನ್ನ ಲೈನು ಕೇಳುವುದಿದ್ದರೆ ಮೊದಲು ನಿನ್ನ ಹತ್ತಿರ ಬಂದು ಹೇಳಿ ಕೇಳುತ್ತೇನೆ. ನೀನು ದೀಪ ಕಾಯಿಸಿದ್ದಕ್ಕೆ ರಿಪೋರ್ಟು ಬರೆಯಲೇಬೇಕು. ಬರೆಯುತ್ತೇನೆ. ಒಂದು ವಾರ್ನಿಂಗ್ ಬರಬಹುದು."

"ಬರೆಯಿರಿ," ಎಂದಳು ಸೆಲೀನ್. ಈಗ ಕುಳಿತಳು. "ಒಂದು ಕೇಳಲಾ ಮೇಡಂ? ಆ ಹೆಂಗಸಿನ ಮಾತು ಕಿವಿಗೆ ಬಿದ್ದ ಮೇಲೆ ಮನಸ್ಸಿಗೆ ತಾಗದ ಹಾಗೆ ಇರುವುದು ಹೇಗೆ? ವಸಂತಿ ಅಕ್ಕ ಹೇಳುತ್ತಾರೆ, ಎರಡು ವರ್ಷ ಕಳೆದರೆ ಎಲ್ಲಾ ಒಂದೇ ಸದ್ದಾಗುತ್ತದೆ ಅಂತ. ನನಗೆ ಅದು ಬೇಡ. ಹಾಗಾದರೆ ನನ್ನ ದನಿಯೂ ಒರಟಾಗುತ್ತದೆ."

ಪ್ರಭಾವತಿ ಯೋಚಿಸಿದಳು. ತರಬೇತಿಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

"ಗೊತ್ತಿಲ್ಲ," ಎಂದಳು ಕೊನೆಗೆ. "ನನಗೂ ಕಲಿಯಲಿಕ್ಕೆ ಉಂಟು. ನಾಳೆ ಆ ಕಾಲ್ ನೀನೇ ತೆಗೆದುಕೋ. ಲೈನು ಎರಡೂ ಕಡೆ ಚೆನ್ನಾಗಿ ಕೇಳುತ್ತದಾ ನೋಡು, ಆಮೇಲೆ ಕೀ ಬಿಟ್ಟು ಹೊರಗೆ ಬಾ. ಹೇಗಾಗುತ್ತದೆ ನೋಡುವ."

ಮರುದಿನ ಬೊಂಬಾಯಿ ಸುಲಭದಲ್ಲಿ ಸಿಗಲಿಲ್ಲ. ಸಿಕ್ಕಿದಾಗ ಆಸ್ಪತ್ರೆಯವರು ಎತ್ತಲಿಲ್ಲ. ಎತ್ತಿದವರು ಯಾವ ಜಾರ್ಜ್ ಎಂದರು. ಸೆಲೀನ್ ವಾರ್ಡು ಹೇಳಿದಳು, ಊರು ಹೇಳಿದಳು, ಮತ್ತೆ ಕಾಯಿಸಿದಳು, ಆ ನಡುವೆ ಬೇರೆ ದೀಪಗಳಿಗೂ ಉತ್ತರ ಕೊಟ್ಟಳು. ಪ್ರಭಾವತಿ ಹಿಂದಿನಿಂದ ಎದ್ದು ಬಂದು ಅವಳ ಕುರ್ಚಿಯ ಪಕ್ಕ ನಿಂತಳು. ಕಾರ್ಕಳದ ಅಂಗಡಿಯಲ್ಲಿ ತೆರೆಸಾ ಬಾಯಿ ಬೆಳಗಿನಿಂದ ಸ್ಟೂಲಿನ ಮೇಲೆ ಕುಳಿತೇ ಇದ್ದಾಳೆಂದು ಅಂಗಡಿಯವ ಹೇಳಿದ್ದ.

ಕೊನೆಗೆ ಆ ಕಡೆ ಯಾರೋ ಫೋನಿಗೆ ಬಂದರು. "ಜಾರ್ಜ್ ಮಾತಾಡುವುದಾ?" ಎಂದು ಸೆಲೀನ್ ಕೇಳಿದಳು. ಹೌದೆಂದಿರಬೇಕು. "ಕಾರ್ಕಳದಿಂದ ನಿಮ್ಮ ಅಮ್ಮ. ಮಾತಾಡಿ," ಎಂದು ಪ್ಲಗ್ಗು ಒತ್ತಿದಳು. ಒಂದು ಕ್ಷಣ ಕಿವಿಗೊಟ್ಟಳು. ಆಮೇಲೆ ಕೀ ಬಿಟ್ಟು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಮಾತು ನಡೆಯುತ್ತಿರುವಷ್ಟು ಹೊತ್ತು ಆ ವಯರಿನ ಬುಡದ ದೀಪ ಕತ್ತಲೆಯಾಗಿರುತ್ತದೆ. ಯಾರಾದರೂ ಫೋನು ಕೆಳಗಿಟ್ಟರೆ ಹೊತ್ತಿಕೊಳ್ಳುತ್ತದೆ. ಇಬ್ಬರೂ ಆ ಕತ್ತಲೆಯ ದೀಪವನ್ನೇ ನೋಡುತ್ತಿದ್ದರು. ಅವನು ಹೇಳಿದನೋ? ಹೇಗೆ ಹೇಳಿದ? ತಾಯಿ ಅತ್ತಳೋ? ಕೀ ಒತ್ತಲು ಒಂದು ಬೆರಳು ಸಾಕಿತ್ತು. ಪ್ರಭಾವತಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಬೇರೊಂದು ಕಡೆ ಮಣಿಪಾಲದ ಕಾಲ್ ಮಿನುಗಿತು. ಸೆಲೀನ್ ಅದನ್ನು ತೆಗೆದುಕೊಂಡು ಮಂಗಳೂರಿಗೆ ಜೋಡಿಸಿ ಮತ್ತೆ ಮೊದಲಿನ ದೀಪದ ಕಡೆ ತಿರುಗಿದಳು. ಅದು ಇನ್ನೂ ಹೊತ್ತಿರಲಿಲ್ಲ.

ಮೂರು ನಿಮಿಷವಾಯಿತು. ಟ್ರಂಕ್ ಕಾಲಿನ ದುಡ್ಡು ಮೂರು ಮೂರು ನಿಮಿಷದ ಲೆಕ್ಕ, ಈಗ ಒಳಗೆ ಹೋಗಿ ಕೇಳಲೇಬೇಕು. "ಮೂರು ನಿಮಿಷ ಆಯಿತು, ಮುಂದುವರಿಸುತ್ತೀರಾ?" ಎಂದಳು ಸೆಲೀನ್. ಉತ್ತರ ಕೇಳಿ ಕೂಡಲೇ ಹೊರಗೆ ಬಂದಳು.

ಪ್ರಭಾವತಿ ಹುಬ್ಬು ಏರಿಸಿದಳು.

"ಮುಂದುವರಿಸಿದ್ದಾರೆ ಮೇಡಂ," ಎಂದಳು ಸೆಲೀನ್. ಅಷ್ಟೇ.

ರಿಪೋರ್ಟು ಹೋಯಿತು, ವಾರ್ನಿಂಗ್ ಬಂತು. ಸೆಲೀನ್ ಅದಕ್ಕೆ ಸಹಿ ಹಾಕಿ ಕೊಟ್ಟಳು. ಸ್ವಲ್ಪ ದಿನ ಅವಳು ಪ್ರಭಾವತಿಯ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಪ್ರಭಾವತಿಯೂ ಬುತ್ತಿಯ ಹೊತ್ತಿನಲ್ಲಿ ಹುಡುಗಿಯರ ನಡುವೆ ಹೋಗಿ ಕೂರುವುದನ್ನು ಬಿಟ್ಟಳು. ಅವರು ಕರೆದ ದಿನ ಮಾತ್ರ ಹೋಗುತ್ತಿದ್ದಳು. ಕರೆಯುವ ದಿನಗಳು ನಿಧಾನವಾಗಿ ಹೆಚ್ಚಾದವು. ಯಾರದ್ದಾದರೂ ಲೈನು ಕೇಳುವುದಿದ್ದರೆ ಅವರ ಕುರ್ಚಿಯ ಹತ್ತಿರ ಹೋಗಿ, "ಈಗ ಸ್ವಲ್ಪ ಕೇಳುತ್ತೇನೆ" ಎಂದು ಹೇಳಿ ಬರುತ್ತಿದ್ದಳು. "ಹೇಳಿ ಕೇಳಿದರೆ ಯಾರು ಮಾರಾಯ್ತಿ ತಪ್ಪು ಮಾಡುವುದು?" ಎಂದು ವಸಂತಿ ನಗಾಡಿದಳು. ಅದು ಸರಿಯೇ ಇತ್ತು. ಆದರೆ ಹೇಳಿ ಕೇಳಿದರೂ ಹುಡುಗಿಯರ ತಪ್ಪುಗಳು ಸಾಕಷ್ಟು ಸಿಗುತ್ತಿದ್ದವು, ಪ್ರಭಾವತಿ ಅಲ್ಲಲ್ಲೇ ತಿದ್ದುತ್ತಿದ್ದಳು.

ಕ್ರಿಸ್ಮಸ್ ಕಳೆದು ಜನವರಿಯಲ್ಲಿ ಒಂದು ಮಧ್ಯಾಹ್ನ ಕೆಳಗಿನ ವಾಚ್‌ಮನ್ ಮೇಲೆ ಬಂದ. "ಕಾರ್ಕಳದ ಒಬ್ಬರು ಬಾಯಿ ಬಂದಿದ್ದಾರೆ. ಬೊಂಬಾಯಿ ಬಸ್ಸಿಗೆ ಹೋಗುವವರಂತೆ. ಇಲ್ಲಿ ಫೋನಿನಲ್ಲಿ ಕೊಂಕಣಿ ಮಾತಾಡುವ ಹುಡುಗಿಯನ್ನು ನೋಡಬೇಕಂತೆ."

ಹೊರಗಿನವರನ್ನು ಒಳಗೆ ಬಿಡುವ ಹಾಗಿಲ್ಲ. ಪ್ರಭಾವತಿ ಕಿಟಕಿಯ ಹತ್ತಿರ ಹೋದಳು. ಗೇಟಿನ ಹೊರಗೆ ನೀಲಿ ಸೀರೆಯ ಒಬ್ಬ ಸಣ್ಣ ಹೆಂಗಸು, ಕೈಯಲ್ಲಿ ಬಟ್ಟೆಯ ಗಂಟು. ತಾನೇ ಕೆಳಗೆ ಹೋಗಿ ಮಾತಾಡಬಹುದು. ಆ ದಿನ ಕೊನೆಗೆ ಮಾತಾಡಿದವಳು ತಾನು ಎನ್ನಬಹುದು. ಮಗ ಎಂತ ಹೇಳಿದ ಎಂದು ಕೇಳಬಹುದು. ಕಾಲು ಮೆಟ್ಟಿಲಿನ ಕಡೆ ತಿರುಗಿಯೇ ಬಿಟ್ಟಿತ್ತು.

ಅವಳು ಸೆಲೀನಳ ಕುರ್ಚಿಯ ಬಳಿ ಹೋದಳು. "ಕೆಳಗೆ ತೆರೆಸಾ ಬಾಯಿ ಬಂದಿದ್ದಾರೆ. ನಿನ್ನನ್ನು ಕೇಳುತ್ತಿದ್ದಾರೆ. ಹೋಗಬೇಕೆಂದು ಇಲ್ಲ. ಹೋಗುವುದಾದರೆ ಬೋರ್ಡು ನಾನು ನೋಡುತ್ತೇನೆ."

ಸೆಲೀನ್ ಕಿಟಕಿಯ ಕಡೆ ನೋಡಿದಳು. "ಹೋಗಿ ಬರುತ್ತೇನೆ ಮೇಡಂ," ಎಂದು ಹೆಡ್‌ಫೋನು ತೆಗೆದಳು.

ಪ್ರಭಾವತಿ ಆ ಕುರ್ಚಿಯಲ್ಲಿ ಕುಳಿತು ಹೆಡ್‌ಫೋನು ಹಾಕಿಕೊಂಡಳು. ಕಿಟಕಿ ಅವಳ ಬೆನ್ನ ಹಿಂದೆ ಇತ್ತು. ವಸಂತಿ ಎದ್ದು ಹೋಗಿ ಇಣುಕಿ ಬಂದು, "ಕೈ ಹಿಡಿದುಕೊಂಡಿದ್ದಾರೆ ನೋಡು," ಎಂದಳು.

"ನಿನ್ನ ದೀಪ ಹೊತ್ತಿದೆ, ತೆಗೆದುಕೋ," ಎಂದಳು ಪ್ರಭಾವತಿ.

ಸೆಲೀನ್ ಬಂದಾಗ ಕೈಯಲ್ಲಿ ಒಂದು ಪೊಟ್ಟಣ ಇತ್ತು, ಹಲಸಿನ ಹಪ್ಪಳ. ಕಣ್ಣು ಒದ್ದೆಯಾಗಿತ್ತು, ಆದರೆ ನಗುತ್ತಿದ್ದಳು. ಪ್ರಭಾವತಿ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಏನೂ ಕೇಳಲಿಲ್ಲ.

"ನನ್ನ ದನಿ ಕೇಳಿ ಅವರು ನನ್ನನ್ನು ಭಾರೀ ದಪ್ಪದ ಹೆಂಗಸು ಅಂತ ಎಣಿಸಿದ್ದರಂತೆ," ಎಂದಳು ಸೆಲೀನ್. ಸಾಲಿನ ಹುಡುಗಿಯರೆಲ್ಲ ನಕ್ಕರು. ನಗು ಇಳಿದ ಮೇಲೆ ಅವಳು ಹಿಂದೆ ತಿರುಗಿ ದನಿ ತಗ್ಗಿಸಿದಳು. "ಬೇರೆಯೂ ಹೇಳಿದರು. ನಿಮಗೆ ತಿಳಿಯಬೇಕೆಂದು ಆಸೆ ಉಂಟು ಅಲ್ವಾ ಮೇಡಂ?"

"ಉಂಟು," ಎಂದಳು ಪ್ರಭಾವತಿ. "ತುಂಬಾ ಉಂಟು."

"ಹೇಳಲಾ?"

ಪ್ರಭಾವತಿ ಉತ್ತರ ಕೊಡುವಷ್ಟರಲ್ಲಿ ಬೋರ್ಡಿನಲ್ಲಿ ಕಾಪುವಿನ ದೀಪ ಮಿನುಗಿತು. ಸೆಲೀನಳ ಕೈ ಆಗಲೇ ಪ್ಲಗ್ಗಿನ ಮೇಲಿತ್ತು.